ಒಂದೇ ಪಟ್ಟಿ, ಅದರ ಸುತ್ತ ಕಂಪ್ಯೂಟರು: ದಿನದ ಕೆಲಸಗಳನ್ನು ಹದಕ್ಕೆ ತರುವ ಬಗೆ

ಮನೆಯಲ್ಲೋ ಸಣ್ಣ ಕಚೇರಿಯಲ್ಲೋ ಒಂದೇ ಕಂಪ್ಯೂಟರಿನ ಮುಂದೆ ಕುಳಿತು ದುಡಿಯುವವರಿಗೆ ಮಾಡಬೇಕಾದ ಕೆಲಸದ ಸುದ್ದಿ ಹಲವು ದಾರಿಗಳಿಂದ ಬರುತ್ತದೆ. ಒಂದಿಷ್ಟು ವಾಟ್ಸ್‌ಆ್ಯಪ್‌ನಲ್ಲಿ, ಒಂದಿಷ್ಟು ಇ-ಮೇಲಿನಲ್ಲಿ, ಒಂದಿಷ್ಟು ಫೋನಿನಲ್ಲಿ, ಇನ್ನುಳಿದದ್ದು ಬಾಗಿಲಿಗೆ ಬಂದು ನಿಂತವರ ಬಾಯಲ್ಲಿ. ಬಂದ ಕೆಲಸ ಬಂದ ಜಾಗದಲ್ಲೇ ಉಳಿದುಬಿಟ್ಟರೆ, ಇವತ್ತು ಏನೇನು ಮಾಡಬೇಕು ಎಂದು ತಿಳಿಯಲು ಅಷ್ಟೂ ಜಾಗಗಳನ್ನು ದಿನಕ್ಕೆ ಹತ್ತಾರು ಸಲ ತೆರೆದು ನೋಡಬೇಕಾಗುತ್ತದೆ. ದಿನದ ಹೊತ್ತು ಹೆಚ್ಚಾಗಿ ಸೋರುವುದು ಈ ತೆರೆದು ನೋಡುವ ಕೆಲಸದಲ್ಲಿ. ಆದ್ದರಿಂದ ಮೊದಲು ಬೇಕಾದದ್ದು ಹೊಸ ತಂತ್ರಾಂಶವಲ್ಲ. ಮಾಡಬೇಕಾದ ಕೆಲಸಗಳಿಗೆಲ್ಲ ಒಂದೇ ಪಟ್ಟಿ ಬೇಕು, ಮತ್ತು ಕಂಪ್ಯೂಟರಿನ ಉಳಿದ ಏರ್ಪಾಡುಗಳೆಲ್ಲ ಆ ಪಟ್ಟಿಯನ್ನು ಬೇಗ ತೆರೆಯಲು, ಬೇಗ ಬರೆಯಲು, ಬೇಗ ಹುಡುಕಲು ನೆರವಾಗುವಂತಿರಬೇಕು.

ಇಲ್ಲಿ ಉದಾಹರಣೆಗೆ ಜಿಲ್ಲಾ ಕೇಂದ್ರವೊಂದರಲ್ಲಿ ಕೆಲವು ವ್ಯಾಪಾರಿಗಳ ಲೆಕ್ಕಪತ್ರ ನೋಡಿಕೊಳ್ಳುವ ತೆರಿಗೆ ಸಲಹೆಗಾರರ ವಿಂಡೋಸ್ ಕಂಪ್ಯೂಟರನ್ನು ತೆಗೆದುಕೊಂಡಿದ್ದೇನೆ. ಅವರ ತಿಂಗಳಿಗೆ ಗಟ್ಟಿಯಾದ ಗಡುವುಗಳಿವೆ. ಹಿಂದಿನ ತಿಂಗಳು ಕಡಿತ ಮಾಡಿದ ಟಿಡಿಎಸ್ ಅನ್ನು, ಅಂದರೆ ಹಣ ಕೊಡುವಾಗಲೇ ಹಿಡಿದುಕೊಂಡ ತೆರಿಗೆಯನ್ನು, 7ನೇ ತಾರೀಖಿನೊಳಗೆ ಕಟ್ಟಬೇಕು, ಮಾರ್ಚ್ ತಿಂಗಳದ್ದಕ್ಕೆ ಮಾತ್ರ ಏಪ್ರಿಲ್ 30ರವರೆಗೆ ಅವಕಾಶ. ತಿಂಗಳ ಲೆಕ್ಕ ಸಲ್ಲಿಸುವ ವ್ಯಾಪಾರಿಗಳ ಜಿಎಸ್‌ಟಿಆರ್-1 (ಮಾರಾಟದ ವಿವರ) ಅನ್ನು 11ರೊಳಗೆ, ಜಿಎಸ್‌ಟಿಆರ್-3ಬಿ (ತೆರಿಗೆಯ ಒಟ್ಟು ಲೆಕ್ಕ) ಅನ್ನು 20ರೊಳಗೆ ಸಲ್ಲಿಸಬೇಕು. ಇವುಗಳ ನಡುವೆ ಬಿಲ್ಲು ಕೇಳುವುದು, ಬ್ಯಾಂಕ್ ಸ್ಟೇಟ್‌ಮೆಂಟ್ ತರಿಸುವುದು, ನೋಟಿಸಿಗೆ ಉತ್ತರ ಬರೆಯುವುದು ಮುಂತಾದ ಚಿಲ್ಲರೆ ಕೆಲಸಗಳು ತುಂಬಿಕೊಳ್ಳುತ್ತವೆ. ಅನುವಾದಕರು, ಡಿಟಿಪಿ ಮಾಡುವವರು, ವಿಮಾ ಏಜೆಂಟರು ತಮ್ಮ ತಮ್ಮ ಗಡುವುಗಳನ್ನು ಈ ಜಾಗದಲ್ಲಿಟ್ಟು ಓದಿಕೊಳ್ಳಬಹುದು.

ಪಟ್ಟಿ ಸಾದಾ ಪಠ್ಯದಲ್ಲಿರಲಿ

ಕೆಲಸದ ಪಟ್ಟಿಗೆಂದೇ ಮಾಡಿದ ಆ್ಯಪ್‌ಗಳಿಗೆ ಬರವಿಲ್ಲ. ಅವುಗಳಲ್ಲಿ ಕೆಲವು ಚೆನ್ನಾಗಿಯೂ ಇವೆ. ಆದರೆ ಅವು ನಮ್ಮ ಅಂಕೆಯಲ್ಲಿರುವುದಿಲ್ಲ. ಲಕ್ಷಾಂತರ ಜನ ನೆಚ್ಚಿಕೊಂಡಿದ್ದ ವಂಡರ್‌ಲಿಸ್ಟ್ ಎಂಬ ಆ್ಯಪನ್ನು ಮೈಕ್ರೋಸಾಫ್ಟ್ 2015ರಲ್ಲಿ ಕೊಂಡು, 2020ರ ಮೇ 6ರಂದು ಮುಚ್ಚಿ, ಬಳಕೆದಾರರನ್ನು ತನ್ನ ಟು ಡೂ ಆ್ಯಪಿಗೆ ಕಳುಹಿಸಿತು. ಸಾದಾ ಪಠ್ಯದ ಫೈಲಿಗೆ ಇಂಥ ಗತಿ ಬರುವುದಿಲ್ಲ. ಯಾವ ಕಂಪ್ಯೂಟರಿನಲ್ಲೂ ಅದು ತೆರೆಯುತ್ತದೆ, ವರ್ಷಗಟ್ಟಲೆ ಬರೆದರೂ ಅದರ ಗಾತ್ರ ಮೊಬೈಲಿನಲ್ಲಿ ತೆಗೆದ ಒಂದು ಫೋಟೋದಷ್ಟೂ ಆಗುವುದಿಲ್ಲ, ಇಂಟರ್ನೆಟ್ ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ.

ಇದಕ್ಕೆ ವಿಂಡೋಸ್ ಜೊತೆಗೇ ಬರುವ ನೋಟ್‌ಪ್ಯಾಡ್ ಸಾಲುತ್ತದೆಯಾದರೂ, ಸಾಲುಗಳನ್ನು ಜೋಡಿಸುವ ಅನುಕೂಲಕ್ಕಾಗಿ ಉಚಿತವಾಗಿ ಸಿಗುವ ನೋಟ್‌ಪ್ಯಾಡ್++ ಅನ್ನು ಹಾಕಿಕೊಳ್ಳುವುದು ಒಳ್ಳೆಯದು. ಬರೆದದ್ದನ್ನು ಉಳಿಸುವುದು ಮರೆತಿದ್ದರೂ ಅದು ಏಳು ಸೆಕೆಂಡಿಗೊಮ್ಮೆ ತಾನೇ ಪ್ರತಿ ತೆಗೆದಿಟ್ಟುಕೊಳ್ಳುತ್ತದೆ. ಹೇಳದೆ ಕೇಳದೆ ಕರೆಂಟು ಹೋಗುವ ಊರುಗಳಲ್ಲಿ ಇದು ಸಣ್ಣ ಅನುಕೂಲವೇನಲ್ಲ. ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ‘ಪಟ್ಟಿ’ ಎಂಬ ಹೆಸರಿನ ಫೈಲೊಂದನ್ನು ಮಾಡಿ, ಎನ್‌ಕೋಡಿಂಗ್ ಮೆನುವಿನಲ್ಲಿ, ಕನ್ನಡದ ಅಕ್ಷರಗಳನ್ನು ಸರಿಯಾಗಿ ಉಳಿಸುವ ಯುಟಿಎಫ್-8 ಎಂಬ ಪದ್ಧತಿ ಇದೆಯೇ ನೋಡಿಕೊಂಡು ಉಳಿಸಬೇಕು. ಒಂದು ಕೆಲಸಕ್ಕೆ ಒಂದು ಸಾಲು. ಸಾಲಿನ ಮೊದಲ ಚಿಹ್ನೆ ಆ ಕೆಲಸದ ಸ್ಥಿತಿಯನ್ನು ಹೇಳುತ್ತದೆ. ಪಟ್ಟಿ ಹೀಗೆ ಕಾಣುತ್ತದೆ:

! ಬಟ್ಟೆ ಅಂಗಡಿಯ ಬ್ಯಾಂಕ್ ಸ್ಟೇಟ್‌ಮೆಂಟನ್ನು ಟ್ಯಾಲಿಗೆ (ಲೆಕ್ಕದ ತಂತ್ರಾಂಶ) ಏರಿಸುವುದು
2025-11-07 ಅಡಿಕೆ ಮಂಡಿಯ ಟಿಡಿಎಸ್ ಕಟ್ಟುವುದು
2025-11-11 ಬಟ್ಟೆ ಅಂಗಡಿಯ ಜಿಎಸ್‌ಟಿಆರ್-1
= ಪ್ರಿಂಟರಿಗೆ ಟೋನರ್ ತರಿಸುವುದು
? 2025-11-04 ಹಾರ್ಡ್‌ವೇರ್ ಅಂಗಡಿಯವರು ಖರೀದಿ ಬಿಲ್ಲು ಕಳಿಸಬೇಕು
~ 2025-11-03 ಔಷಧ ಅಂಗಡಿಯ ನೋಟಿಸಿಗೆ ಉತ್ತರ ಸಲ್ಲಿಸಿದ್ದು
ಕಬ್ಬಿಣದಂಗಡಿಯವರು ಫೋನ್ ಮಾಡಿದ್ದರು, ಸಾಲದ ಬಗ್ಗೆ

ಆಶ್ಚರ್ಯಸೂಚಕ ಚಿಹ್ನೆಯಿದ್ದರೆ ಆ ಕೆಲಸ ಇವತ್ತಿನದು. ತಾರೀಖಿದ್ದರೆ ಅದು ಗಡುವು. ಸಮ ಚಿಹ್ನೆಯಿರುವ ಕೆಲಸಕ್ಕೆ ಗಡುವಿಲ್ಲ, ಪುರುಸೊತ್ತಾದಾಗ ಮಾಡಿದರಾಯಿತು. ಪ್ರಶ್ನಾರ್ಥಕವಿದ್ದರೆ ಚೆಂಡು ಬೇರೆಯವರ ಅಂಗಳದಲ್ಲಿದೆ, ಆ ಚಿಹ್ನೆಯ ಪಕ್ಕದ ತಾರೀಖು ನಾವು ಅವರನ್ನು ಕೇಳಿದ ದಿನ. ಅಲೆಯ ಚಿಹ್ನೆಯೆಂದರೆ ಮುಗಿದ ಕೆಲಸ. ಯಾವ ಚಿಹ್ನೆಯೂ ಇಲ್ಲದ ಸಾಲು ಇನ್ನೂ ವಿಚಾರ ಮಾಡದೆ ಗಡಿಬಿಡಿಯಲ್ಲಿ ಬರೆದುಕೊಂಡದ್ದು.

ಈ ಚಿಹ್ನೆಗಳನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯಿರುತ್ತದೆ. ಆಶ್ಚರ್ಯಸೂಚಕದ್ದು 33, ಅಂಕಿಗಳದ್ದು 48ರಿಂದ 57, ಸಮ ಚಿಹ್ನೆಯದು 61, ಪ್ರಶ್ನಾರ್ಥಕದ್ದು 63, ಅಲೆಯದು 126. ಕನ್ನಡದ ಅಕ್ಷರಗಳು ಇವೆಲ್ಲಕ್ಕಿಂತ ಬಹಳ ಮುಂದಿವೆ. ನೋಟ್‌ಪ್ಯಾಡ್++ನ ಎಡಿಟ್ ಮೆನುವಿನಲ್ಲಿ ಲೈನ್ ಆಪರೇಷನ್ಸ್ ಎಂಬಲ್ಲಿಗೆ ಹೋಗಿ, ಸಾಲುಗಳನ್ನು ಲೆಕ್ಸಿಕೋಗ್ರಾಫಿಕಲ್ ಆಗಿ ಏರಿಕೆಯ ಕ್ರಮದಲ್ಲಿ ಜೋಡಿಸುವ ಆಯ್ಕೆಯನ್ನು ಒತ್ತಿದರೆ, ಪಟ್ಟಿ ಈ ಸಂಖ್ಯೆಗಳ ಪ್ರಕಾರ ತಾನೇ ಸಾಲುಗೂಡುತ್ತದೆ. ಇವತ್ತಿನದು ಮೇಲೆ, ಅದರ ಕೆಳಗೆ ಗಡುವಿನ ಕ್ರಮದಲ್ಲಿ ಉಳಿದವು, ಆಮೇಲೆ ಪುರುಸೊತ್ತಿನವು, ಆಮೇಲೆ ಬೇರೆಯವರಿಂದ ಬರಬೇಕಾದವು, ಅವುಗಳಲ್ಲೂ ಬಹಳ ದಿನದಿಂದ ಬಾಕಿಯಿರುವುದೇ ಮೊದಲು. ಮುಗಿದವು ಕೆಳಗಿಳಿಯುತ್ತವೆ, ವಿಚಾರ ಮಾಡದೆ ಬಿಟ್ಟವು ಕಟ್ಟಕಡೆಗೆ ಒಂದೆಡೆ ಸೇರುತ್ತವೆ. ಸೆಟ್ಟಿಂಗ್ಸ್ ಮೆನುವಿನ ಶಾರ್ಟ್‌ಕಟ್ ಮ್ಯಾಪರಿನಲ್ಲಿ ಈ ಆಜ್ಞೆಗೆ ಒಂದು ಕೀಲಿ ಜೋಡಿಯನ್ನು ಗೊತ್ತುಮಾಡಿಕೊಂಡರೆ ಮೆನು ಹುಡುಕುವ ಗೋಜೂ ಇರುವುದಿಲ್ಲ. ನಡುವೆ ಖಾಲಿ ಸಾಲುಗಳನ್ನು ಮಾತ್ರ ಬಿಡಬಾರದು. ಜೋಡಿಸಿದಾಗ ಅವೆಲ್ಲ ಮೇಲೆ ಬಂದು ಕೂರುತ್ತವೆ.

ತಾರೀಖನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ, ತಿಂಗಳಿಗೂ ದಿನಕ್ಕೂ ಎರಡೆರಡು ಅಂಕಿಗಳಲ್ಲಿ ಬರೆಯಲೇಬೇಕು. 1988ರಲ್ಲಿ ಮೊದಲು ಪ್ರಕಟವಾದ ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನಕವೂ ಇದನ್ನೇ ಹೇಳುತ್ತದೆ. ನಮಗೆ ರೂಢಿಯಿರುವಂತೆ ದಿನವನ್ನು ಮೊದಲು ಬರೆದರೆ ಡಿಸೆಂಬರ್ 2 ಬಂದು ನವೆಂಬರ್ 7ರ ಮೇಲೆ ಕುಳಿತುಬಿಡುತ್ತದೆ.

ದಿನಚರಿಗೆ ಬೇರೆ ಫೈಲು

ಮುಂದೆ ಮಾಡಬೇಕಾದದ್ದಕ್ಕೆ ಪಟ್ಟಿಯಾದರೆ, ನಡೆದುಹೋದದ್ದಕ್ಕೆ ದಿನಚರಿ ಬೇಕು. ‘ಕಳೆದ ವಾರ ನಿಮಗೆ ಹೇಳಿದ್ದೆನಲ್ಲ’ ಎಂದು ಗ್ರಾಹಕರು ವಾದಕ್ಕೆ ನಿಂತಾಗ ಇದರ ಬೆಲೆ ತಿಳಿಯುತ್ತದೆ. ನೋಟ್‌ಪ್ಯಾಡಿನಲ್ಲಿ ಇದಕ್ಕೊಂದು ಹಳೆಯ ಸೌಲಭ್ಯವಿದೆ, ಬಳಸುವವರು ಕಡಿಮೆ. ಹೊಸ ಫೈಲಿನ ಮೊದಲ ಸಾಲಿನಲ್ಲಿ ಒಂದು ಚುಕ್ಕಿಯಿಟ್ಟು, ಜಾಗ ಬಿಡದೆ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಎಲ್, ಓ, ಜಿ ಎಂದು ಟೈಪಿಸಿ ಉಳಿಸಿದರೆ, ಆ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದಾಗಲೆಲ್ಲ ಕೊನೆಯಲ್ಲಿ ಆ ಹೊತ್ತಿನ ಗಂಟೆ ಮತ್ತು ತಾರೀಖು ತಾವಾಗಿಯೇ ಮೂಡುತ್ತವೆ. ಫೈಲು ತೆರೆದೇ ಇದ್ದರೆ ಎಫ್5 ಕೀಲಿ ಅದೇ ಕೆಲಸವನ್ನು ಮಾಡುತ್ತದೆ. ಫೋನು ಕೆಳಗಿಟ್ಟ ಕೂಡಲೇ ಯಾರು ಏನು ಹೇಳಿದರು ಎಂದು ಒಂದು ಸಾಲು ಬರೆದರೆ ಸಾಕು. ಪಟ್ಟಿಯಲ್ಲಿ ಅಲೆಯ ಚಿಹ್ನೆ ಹಾಕಿದ ಸಾಲುಗಳನ್ನು ಸಂಜೆ ಕತ್ತರಿಸಿ ಇದೇ ದಿನಚರಿಗೆ ಅಂಟಿಸಬೇಕು. ದಿನಚರಿಯ ಸಾಲುಗಳನ್ನು ಎಂದಿಗೂ ಜೋಡಿಸಬಾರದು, ಅಲ್ಲಿ ನಡೆದ ಕ್ರಮವೇ ಮುಖ್ಯ. ಆದ್ದರಿಂದಲೇ ಎರಡನ್ನೂ ಒಂದೇ ಫೈಲಿನಲ್ಲಿ ಇಡಲಾಗುವುದಿಲ್ಲ.

ಕನ್ನಡದಲ್ಲಿ ಬರೆದದ್ದು ಹುಡುಕಿದಾಗ ಸಿಗಬೇಕು

ಪಟ್ಟಿಯನ್ನು ಇಂಗ್ಲಿಷಿನಲ್ಲೇ ಇಟ್ಟುಕೊಳ್ಳುವವರು ಈ ಭಾಗವನ್ನು ಬಿಡಬಹುದು. ಆದರೆ ಗ್ರಾಹಕರೊಡನೆ ಕನ್ನಡದಲ್ಲಿ ಮಾತಾಡಿ, ಕೇಳಿದ್ದನ್ನು ಇಂಗ್ಲಿಷಿಗೆ ತಿರುಗಿಸಿ ಬರೆದುಕೊಳ್ಳುವುದರಲ್ಲಿ ಅರ್ಧ ವಿವರ ಕಳೆದುಹೋಗುತ್ತದೆ ಎಂಬುದು ನನ್ನ ಅಭಿಪ್ರಾಯ. ಕನ್ನಡದಲ್ಲಿ ಬರೆಯುವುದಾದರೆ ಕೆಲವು ಸೂಕ್ಷ್ಮಗಳನ್ನು ಮೊದಲೇ ಗಮನಿಸಬೇಕು, ಏಕೆಂದರೆ ಕಣ್ಣಿಗೆ ಸರಿಯಾಗಿ ಕಾಣುವುದು ಕಂಪ್ಯೂಟರಿಗೆ ಸರಿಯಿರಬೇಕೆಂದೇನೂ ಇಲ್ಲ.

ಬರೆಯುವುದು ಯೂನಿಕೋಡಿನಲ್ಲೇ, ಅಂದರೆ ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಪದ್ಧತಿಯಲ್ಲೇ ಆಗಬೇಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬರೆದ ಪಠ್ಯವು ವಾಸ್ತವದಲ್ಲಿ ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಾಲು. ಆ ಫಾಂಟು ಹಾಕಿದಾಗ ಮಾತ್ರ ಕನ್ನಡವಾಗಿ ಕಾಣುತ್ತದೆ. ನೋಟ್‌ಪ್ಯಾಡಿಗೆ ಅದನ್ನು ಅಂಟಿಸಿದರೆ ಅರ್ಥವಿಲ್ಲದ ಗುರುತುಗಳು ಕಾಣುತ್ತವೆ, ವಿಂಡೋಸ್ ಹುಡುಕಾಟಕ್ಕೂ ಅದು ಸಿಗುವುದಿಲ್ಲ. ಈಗಿನ ನುಡಿ ಮತ್ತು ಬರಹ ಎರಡರಲ್ಲೂ ಯೂನಿಕೋಡ್ ಆಯ್ಕೆಯಿದೆ. ಬೇರೆ ತಂತ್ರಾಂಶ ಬೇಡವೆನ್ನುವವರಿಗೆ ವಿಂಡೋಸಿನಲ್ಲಿಯೇ ಕನ್ನಡದ ಕೀಲಿಮಣೆಗಳಿವೆ. ಇಂಗ್ಲಿಷಿನ ಉಚ್ಚಾರಣೆಯಂತೆ ಟೈಪಿಸುವ ಫೊನೆಟಿಕ್ ಕೀಲಿಮಣೆಯೂ 2019ರಿಂದ ಸೇರಿದೆ. ಸೆಟ್ಟಿಂಗ್ಸ್‌ನಲ್ಲಿ ಭಾಷೆಯ ವಿಭಾಗಕ್ಕೆ ಹೋಗಿ ಕನ್ನಡವನ್ನು ಸೇರಿಸಿಕೊಂಡ ಮೇಲೆ, ವಿಂಡೋಸ್ ಕೀಲಿಯನ್ನು ಹಿಡಿದು ಸ್ಪೇಸ್‌ಬಾರ್ ಒತ್ತಿದರೆ ಭಾಷೆ ಬದಲಾಗುತ್ತದೆ. ಇನ್‌ಸ್ಕ್ರಿಪ್ಟ್‌ನಂಥ ಕನ್ನಡ ಕೀಲಿಮಣೆ ವಿನ್ಯಾಸಗಳಲ್ಲಿ ಮೇಲೆ ಹೇಳಿದ ಚಿಹ್ನೆಗಳ ಜಾಗ ಬೇರೆಯಾಗುವುದರಿಂದ, ಸಾಲಿನ ಮೊದಲ ಚಿಹ್ನೆಯನ್ನು ಇಂಗ್ಲಿಷ್ ಕೀಲಿಮಣೆಯಲ್ಲಿ ಹಾಕಿ ಆಮೇಲೆ ಕನ್ನಡಕ್ಕೆ ಬರುವುದು ಸುಲಭ.

ಅಂಕಿಗಳ ವಿಷಯದಲ್ಲಿ ಒಂದೇ ಪದ್ಧತಿಯಿರಲಿ. ಕೆಲವು ತಂತ್ರಾಂಶಗಳಲ್ಲಿ ಕನ್ನಡಕ್ಕೆ ತಿರುಗಿಸಿದ ಕೂಡಲೇ ಅಂಕಿಗಳೂ ಕನ್ನಡದವೇ ಮೂಡುತ್ತವೆ. ೨೦೨೫ ಎಂದು ಬರೆದದ್ದು 2025 ಎಂದು ಹುಡುಕಿದರೆ ಸಿಗುವುದಿಲ್ಲ. ಮೇಲಾಗಿ ಯೂನಿಕೋಡಿನಲ್ಲಿ ಕನ್ನಡದ ಅಂಕಿಗಳು ಕನ್ನಡದ ಅಕ್ಷರಗಳ ನಂತರ ಬರುವುದರಿಂದ, ಅವುಗಳಲ್ಲಿ ತಾರೀಖು ಬರೆದ ಕೆಲಸವು ಪಟ್ಟಿಯ ತೀರಾ ಕೆಳಗೆ ಹೋಗಿ ಬೀಳುತ್ತದೆ. ಕನ್ನಡದ ಅಂಕಿಗಳ ಮೇಲಿನ ಪ್ರೀತಿಯನ್ನು ಲಗ್ನಪತ್ರಿಕೆಗೆ ಇಟ್ಟುಕೊಂಡು, ಇಲ್ಲಿ ಸಾಮಾನ್ಯ ಅಂಕಿಗಳನ್ನೇ ಬಳಸುವುದು ಕ್ಷೇಮ.

ಇನ್ನೊಂದು ತೊಡಕು ಕಣ್ಣಿಗೆ ಕಾಣದು. ‘ಹಾರ್ಡ್‌ವೇರ್’ ಎಂಬಲ್ಲಿ ಡ್ ಅಕ್ಷರ ವೇ ಅಕ್ಷರದೊಂದಿಗೆ ಒತ್ತಾಗಿ ಸೇರದಂತೆ ತಡೆಯಲು ನಡುವೆ ಅಗೋಚರವಾದ ಒಂದು ಗುರುತನ್ನು ಹಾಕಿರುತ್ತಾರೆ. ಒಮ್ಮೆ ಅದನ್ನು ಹಾಕಿ, ಇನ್ನೊಮ್ಮೆ ಬಿಟ್ಟು ಬರೆದರೆ ಕಂಪ್ಯೂಟರಿಗೆ ಅವು ಎರಡು ಬೇರೆ ಪದಗಳು. ಹುಡುಕುವಾಗ ಪೂರ್ತಿ ಪದವನ್ನು ಕೊಡದೆ ‘ಹಾರ್ಡ್’ ಎಂದಷ್ಟೇ ಕೊಟ್ಟರೆ ಎರಡೂ ಸಿಗುತ್ತವೆ. ವಿಭಕ್ತಿ ಪ್ರತ್ಯಯಗಳಿಗೂ ಇದೇ ಉಪಾಯ. ‘ಬ್ಯಾಂಕ’ ಎಂದು ಹುಡುಕಿದರೆ ಬ್ಯಾಂಕಿಗೆ, ಬ್ಯಾಂಕಿನಿಂದ, ಬ್ಯಾಂಕ್ ಎಲ್ಲವೂ ಬರುತ್ತವೆ, ಇಡೀ ಪದವನ್ನೇ ಹೊಂದಿಸುವ ಆಯ್ಕೆಗೆ ಗುರುತು ಹಾಕಿರಬಾರದು ಅಷ್ಟೆ. ಇದರ ಜೊತೆಗೆ, ಒಂದು ಕೆಲಸಕ್ಕೆ ಒಂದೇ ಪದವನ್ನು ಗೊತ್ತುಮಾಡಿಕೊಳ್ಳಬೇಕು. ಇವತ್ತು ‘ಪಾವತಿ’, ನಾಳೆ ‘ಪೇಮೆಂಟ್’, ನಾಡಿದ್ದು ‘ಕಟ್ಟುವುದು’ ಎಂದು ಬರೆಯುತ್ತಾ ಹೋದರೆ ಯಾವ ಹುಡುಕಾಟವೂ ಪೂರ್ತಿಯಾಗುವುದಿಲ್ಲ.

ಫೈಲುಗಳ ಹೆಸರು ಮತ್ತು ಜಾಗ

ಪಟ್ಟಿಯಲ್ಲಿರುವ ಕೆಲಸ ಮಾಡಲು ಕುಳಿತಾಗ ಬೇಕಾದ ಫೈಲು ಎಲ್ಲಿದೆಯೆಂದು ಯೋಚಿಸುವಂತಾಗಬಾರದು. ವಾಟ್ಸ್‌ಆ್ಯಪ್‌ನಿಂದ ಇಳಿಸಿದ ಫೈಲುಗಳು ಅರ್ಥವಿಲ್ಲದ ಉದ್ದ ಹೆಸರು ಹೊತ್ತು ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಗುಡ್ಡೆ ಬೀಳುವುದೇ ಇಲ್ಲಿನ ಮುಖ್ಯ ತೊಂದರೆ. ಇಳಿಸಿದ ಕೂಡಲೇ ಹೆಸರು ಬದಲಾಯಿಸುವುದೊಂದೇ ಇದಕ್ಕೆ ಮದ್ದು. ಫೈಲಿನ ಮೇಲೆ ನಿಂತು ಎಫ್2 ಒತ್ತಿದರೆ ಹೆಸರು ತಿದ್ದಬಹುದು; ತಿದ್ದಿದ ಮೇಲೆ ಎಂಟರ್ ಬದಲು ಟ್ಯಾಬ್ ಒತ್ತಿದರೆ ಮುಂದಿನ ಫೈಲಿನ ಹೆಸರು ತಿದ್ದಲು ಸಿದ್ಧವಾಗುತ್ತದೆ, ಹೀಗೆ ಹತ್ತು ಫೈಲುಗಳನ್ನು ಮೌಸ್ ಮುಟ್ಟದೆ ಮುಗಿಸಬಹುದು. ಹೆಸರಿನಲ್ಲಿ ಮೊದಲು ತಾರೀಖು, ಆಮೇಲೆ ಗ್ರಾಹಕರ ಗುರುತು, ಕೊನೆಗೆ ದಾಖಲೆಯ ಬಗೆ. ಇಲ್ಲಿಯೂ ತಾರೀಖಿನ ನಡುವೆ ಸಣ್ಣ ಗೆರೆಯನ್ನೇ ಹಾಕಬೇಕು, ಏಕೆಂದರೆ ಓರೆಗೆರೆ, ಕೋಲನ್, ಪ್ರಶ್ನಾರ್ಥಕ, ನಕ್ಷತ್ರ ಮುಂತಾದ ಒಂಬತ್ತು ಚಿಹ್ನೆಗಳನ್ನು ವಿಂಡೋಸ್ ಫೈಲಿನ ಹೆಸರಿನಲ್ಲಿ ಒಪ್ಪುವುದಿಲ್ಲ. ಕನ್ನಡದ ಹೆಸರುಗಳನ್ನು ಒಪ್ಪುತ್ತದೆ. ಆದರೆ ಜಾಲತಾಣಗಳಿಗೆ ಏರಿಸಬೇಕಾದ ದಾಖಲೆಗಳಿಗೆ ಇಂಗ್ಲಿಷ್ ಹೆಸರನ್ನೇ ಇಡುವುದು ಜಾಣತನ, ಕೆಲವು ತಾಣಗಳು ಬೇರೆ ಲಿಪಿಯ ಹೆಸರುಗಳನ್ನು ಕಂಡರೆ ಫೈಲನ್ನೇ ತಿರಸ್ಕರಿಸುತ್ತವೆ.

ಫೋಲ್ಡರುಗಳ ಕ್ರಮದ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಮೊದಲು ಆರ್ಥಿಕ ವರ್ಷ, ಅದರೊಳಗೆ ಗ್ರಾಹಕರು ಎಂದಿಟ್ಟುಕೊಂಡರೆ ವರ್ಷ ಮುಗಿದ ಮೇಲೆ ಇಡೀ ಫೋಲ್ಡರನ್ನು ಎತ್ತಿ ಬೇರೆ ಡಿಸ್ಕಿಗೆ ಹಾಕುವುದು ಸುಲಭ. ಆದರೂ ನಾನು ಗ್ರಾಹಕರನ್ನೇ ಮೊದಲಿಟ್ಟು ಅವರೊಳಗೆ 2024-25, 2025-26 ಎಂದು ವರ್ಷಗಳನ್ನು ಇಡುವ ಕಡೆಗಿದ್ದೇನೆ. ಹಳೆಯ ದಾಖಲೆ ಬೇಕಾಗುವ ಸಂದರ್ಭವನ್ನು ನೆನಪಿಸಿಕೊಂಡರೆ ಕಾರಣ ತಿಳಿಯುತ್ತದೆ. ನೋಟಿಸು ಬರುವುದು ಒಬ್ಬ ವ್ಯಾಪಾರಿಗೆ, ಬ್ಯಾಂಕಿನವರು ಸಾಲಕ್ಕಾಗಿ ಮೂರು ವರ್ಷದ ರಿಟರ್ನು ಕೇಳುವುದೂ ಒಬ್ಬ ವ್ಯಾಪಾರಿಯದನ್ನು. ಹುಡುಕಾಟ ಯಾವಾಗಲೂ ವ್ಯಕ್ತಿಯಿಂದ ಆರಂಭವಾಗುತ್ತದೆ. ಫೋಲ್ಡರಿನೊಳಗೆ ಫೋಲ್ಡರು, ಅದರೊಳಗೆ ಮತ್ತೊಂದು ಎಂದು ಆಳಕ್ಕಿಳಿಯುವುದು ಬೇಡ. ಫೋಲ್ಡರುಗಳ ಹೆಸರೂ ಸೇರಿ ಒಟ್ಟು ವಿಳಾಸ 260 ಅಕ್ಷರಗಳನ್ನು ಮೀರಿದರೆ ವಿಂಡೋಸಿನ ಹಲವು ತಂತ್ರಾಂಶಗಳು ಆ ಫೈಲನ್ನು ತೆರೆಯಲಾರವು.

ಒಂದೇ ಹೆಸರಿನ ಎರಡು ಅಂಗಡಿಗಳು ಎಲ್ಲ ಊರಿನಲ್ಲೂ ಇರುತ್ತವೆ. ಅಂಥ ಕಡೆ ಫೋಲ್ಡರಿನ ಹೆಸರಿನ ಕೊನೆಗೆ ಹತ್ತು ಅಕ್ಷರಗಳ ಪ್ಯಾನ್ ಸೇರಿಸಿದರೆ ಗೊಂದಲವಿರುವುದಿಲ್ಲ. ಹದಿನೈದು ಅಕ್ಷರಗಳ ಜಿಎಸ್‌ಟಿ ಸಂಖ್ಯೆಯಲ್ಲಿ ಮೊದಲ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ ಅದು 29, ಅದರ ನಂತರದ ಹತ್ತು ಅಕ್ಷರಗಳು ಪ್ಯಾನ್ ಆಗಿರುವುದರಿಂದ, ಪ್ಯಾನ್ ಹಾಕಿ ಹುಡುಕಿದರೆ ಎರಡೂ ಬಗೆಯ ದಾಖಲೆಗಳು ಒಟ್ಟಿಗೇ ಸಿಗುತ್ತವೆ.

ಕಂಪ್ಯೂಟರು ತಾನೇ ಮಾಡಬೇಕಾದದ್ದು

ಬೆಳಿಗ್ಗೆ ಗುಂಡಿ ಒತ್ತಿದಾಗ ಪಟ್ಟಿ ತಾನಾಗಿ ತೆರೆದುಕೊಳ್ಳಬೇಕು. ವಿಂಡೋಸ್ ಕೀಲಿಯೊಂದಿಗೆ ಆರ್ ಒತ್ತಿ, ಬಂದ ಪೆಟ್ಟಿಗೆಯಲ್ಲಿ ಶೆಲ್ ಎಂಬ ಪದ, ಒಂದು ಕೋಲನ್, ಸ್ಟಾರ್ಟಪ್ ಎಂಬ ಪದ ಇವುಗಳನ್ನು ಇಂಗ್ಲಿಷಿನಲ್ಲಿ ಜಾಗ ಬಿಡದೆ ಟೈಪಿಸಿದರೆ ಒಂದು ಫೋಲ್ಡರು ತೆರೆಯುತ್ತದೆ. ಪಟ್ಟಿಯ ಮತ್ತು ದಿನಚರಿಯ ಶಾರ್ಟ್‌ಕಟ್‌ಗಳನ್ನು ಅದರಲ್ಲಿ ಇಟ್ಟರಾಯಿತು. ಇದಕ್ಕೆ ವಿರುದ್ಧವಾದ ಕೆಲಸವನ್ನೂ, ಅಂದರೆ ಬೇಡದ್ದು ತಾನಾಗಿ ತೆರೆಯದಂತೆ ಮಾಡುವುದನ್ನೂ, ಅದೇ ದಿನ ಮಾಡಿಬಿಡಬೇಕು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರನ್ನು ತೆರೆದು, ಸ್ಟಾರ್ಟಪ್ ವಿಭಾಗದಲ್ಲಿ ಕೇಳದೆಯೇ ಬಂದು ಸೇರಿಕೊಂಡಿರುವ ತಂತ್ರಾಂಶಗಳನ್ನು ಒಂದೊಂದಾಗಿ ಡಿಸೇಬಲ್ ಮಾಡಬೇಕು. ಹಳೆಯ ಕಂಪ್ಯೂಟರು ನಿಧಾನವಾಯಿತೆಂದು ದೂರುವವರಲ್ಲಿ ಹಲವರಿಗೆ ಇಷ್ಟರಿಂದಲೇ ಪರಿಹಾರ ಸಿಗುತ್ತದೆ.

ಟಾಸ್ಕ್‌ಬಾರಿನಲ್ಲಿ ದಿನವೂ ಬಳಸುವ ತಂತ್ರಾಂಶಗಳನ್ನು ಪಿನ್ ಮಾಡಿ ಅವುಗಳ ಕ್ರಮವನ್ನು ಎಂದಿಗೂ ಬದಲಾಯಿಸದಿರುವುದು ಇನ್ನೊಂದು ಒಳ್ಳೆಯ ಅಭ್ಯಾಸ. ವಿಂಡೋಸ್ ಕೀಲಿಯೊಂದಿಗೆ 1 ಒತ್ತಿದರೆ ಮೊದಲನೆಯದು, 2 ಒತ್ತಿದರೆ ಎರಡನೆಯದು ಮುಂದೆ ಬರುತ್ತದೆ. ಪಟ್ಟಿ ಮೊದಲನೆಯದಾಗಿ, ಬ್ರೌಸರು ಎರಡನೆಯದಾಗಿ, ಟ್ಯಾಲಿ ಮೂರನೆಯದಾಗಿ ಇದ್ದರೆ, ಫೋನಿನಲ್ಲಿ ಮಾತಾಡುತ್ತಿರುವಾಗಲೂ ಎಡಗೈಯೊಂದರಿಂದಲೇ ಪಟ್ಟಿಗೆ ಹೋಗಿ ಒಂದು ಸಾಲು ಬರೆದು ಹಿಂದಿರುಗಬಹುದು. ಕೆಲಸವನ್ನು ಪಟ್ಟಿಗೆ ಸೇರಿಸುವುದು ಕಷ್ಟವೆನಿಸಿದ ದಿನದಿಂದ ಮನಸ್ಸು ಮತ್ತೆ ನೆನಪಿನ ಮೇಲೆ ಭಾರ ಹಾಕತೊಡಗುತ್ತದೆ, ಆದ್ದರಿಂದ ಬೇರೆಲ್ಲ ಶಾರ್ಟ್‌ಕಟ್‌ಗಳನ್ನು ಮರೆತರೂ ಇದೊಂದನ್ನು ಕೈಗೆ ರೂಢಿ ಮಾಡಿಸಬೇಕು.

ವಿಂಡೋಸ್ ಕೀಲಿಯೊಂದಿಗೆ ವಿ ಒತ್ತಿದರೆ ಕ್ಲಿಪ್‌ಬೋರ್ಡಿನ ಇತಿಹಾಸ ತೆರೆಯುತ್ತದೆ. ಮೊದಲ ಸಲ ಅದನ್ನು ಆನ್ ಮಾಡಲು ಕೇಳುತ್ತದೆ. ಕೊನೆಯ 25 ನಕಲುಗಳು ಅದರಲ್ಲಿ ಉಳಿದಿರುತ್ತವೆ, ಪಿನ್ ಮಾಡಿದವು ಕಂಪ್ಯೂಟರು ಆರಿಸಿ ಹಚ್ಚಿದರೂ ಹೋಗುವುದಿಲ್ಲ. ರಿಟರ್ನು ತುಂಬುವಾಗ ಒಂದೇ ಸಂಖ್ಯೆಯನ್ನು ನಾಲ್ಕಾರು ಕಡೆ ಹಾಕಬೇಕಾಗಿ ಬರುವವರಿಗೆ ಇದು ವರ. ಆದರೆ ಪಾಸ್‌ವರ್ಡನ್ನು ನಕಲು ಮಾಡಿದರೆ ಅದೂ ಅಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಉಳಿಯಬಹುದು ಎಂಬುದನ್ನು ಮರೆಯಬಾರದು, ಅದರಲ್ಲೂ ಕಚೇರಿಯಲ್ಲಿ ಇನ್ನೊಬ್ಬರು ಅದೇ ಕಂಪ್ಯೂಟರನ್ನು ಬಳಸುತ್ತಿದ್ದರೆ.

ಬ್ರೌಸರಿನಲ್ಲಿ ಮೂವತ್ತು ಟ್ಯಾಬುಗಳನ್ನು ತೆರೆದಿಟ್ಟುಕೊಂಡಿರುವವರು ವಾಸ್ತವದಲ್ಲಿ ಟ್ಯಾಬುಗಳನ್ನೇ ಕೆಲಸದ ಪಟ್ಟಿಯಾಗಿ ಬಳಸುತ್ತಿರುತ್ತಾರೆ. ಮಾಡಬೇಕಾದ ಕೆಲಸಕ್ಕೆ ಪಟ್ಟಿಯಲ್ಲಿ ಒಂದು ಸಾಲು ಬರೆದು, ಬೇಕಿದ್ದರೆ ಆ ಪುಟದ ವಿಳಾಸವನ್ನೂ ಅದರ ಪಕ್ಕಕ್ಕೆ ಅಂಟಿಸಿ, ಟ್ಯಾಬನ್ನು ಮುಚ್ಚಬಹುದು. ಕೈತಪ್ಪಿ ಮುಚ್ಚಿದ್ದನ್ನು ಕಂಟ್ರೋಲ್, ಶಿಫ್ಟ್, ಟಿ ಒತ್ತಿ ಮರಳಿ ತರಬಹುದಾದ್ದರಿಂದ ಹೆದರಬೇಕಾಗಿಲ್ಲ. ದಿನವೂ ನೋಡಲೇಬೇಕಾದ ಜಿಎಸ್‌ಟಿ, ಆದಾಯ ತೆರಿಗೆ, ಬ್ಯಾಂಕಿನ ಪುಟಗಳನ್ನು ಬುಕ್‌ಮಾರ್ಕ್ ಪಟ್ಟಿಯ ಒಂದೇ ಫೋಲ್ಡರಿಗೆ ಹಾಕಿದರೆ, ಆ ಫೋಲ್ಡರಿನ ಮೇಲೆ ಮೌಸಿನ ನಡುವಿನ ಚಕ್ರವನ್ನು ಒತ್ತಿದಾಗ ಎಲ್ಲವೂ ಒಟ್ಟಿಗೆ ತೆರೆಯುತ್ತವೆ.

ಪದೇ ಪದೇ ಕಳಿಸುವ ಪತ್ರಗಳಿಗೆ ಜಿಮೇಲಿನ ಟೆಂಪ್ಲೇಟುಗಳಿವೆ, ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್ ವಿಭಾಗದಲ್ಲಿ ಅವನ್ನು ಆನ್ ಮಾಡಿಕೊಳ್ಳಬೇಕು. ಎರಡಕ್ಷರ ಒತ್ತಿದರೆ ಇಡೀ ವಾಕ್ಯ ಬರುವಂತೆ ಮಾಡಲು ಆಟೋಹಾಟ್‌ಕೀ ಎಂಬ ಉಚಿತ ತಂತ್ರಾಂಶವಿದೆ. ಅದರ ಎರಡನೇ ಆವೃತ್ತಿ ಯುಟಿಎಫ್-8 ಅನ್ನೇ ಸಹಜವಾಗಿ ಓದುವುದರಿಂದ ಕನ್ನಡದ ವಾಕ್ಯಗಳನ್ನೂ ಕೊಡಬಹುದು. ಇಂಥವುಗಳಿಗೆ ಕೈಹಾಕುವ ಮೊದಲು, ಆ ವಾಕ್ಯವನ್ನು ವಾರದಲ್ಲಿ ನಿಜವಾಗಿ ಎಷ್ಟು ಸಲ ಟೈಪಿಸುತ್ತೇವೆ ಎಂದು ದಿನಚರಿಯನ್ನೋ ಕಳಿಸಿದ ಪತ್ರಗಳನ್ನೋ ನೋಡಿ ತಿಳಿದುಕೊಳ್ಳಬೇಕು. ಹೊಸ ಉಪಕರಣವನ್ನು ಸಜ್ಜುಗೊಳಿಸುವ ಖುಷಿಯಲ್ಲಿ ಅರ್ಧ ದಿನ ಕಳೆದು, ವರ್ಷವಿಡೀ ಅದರಿಂದ ಹತ್ತು ನಿಮಿಷ ಉಳಿಸುವುದು ಕಂಪ್ಯೂಟರು ಬಲ್ಲವರ ಹಳೆಯ ಚಟ.

ಬೆಳಿಗ್ಗೆ, ಸಂಜೆ

ಬೆಳಿಗ್ಗೆ ಮೊದಲು ಪಟ್ಟಿಯನ್ನು ನೋಡಬೇಕು, ಆಮೇಲೆ ವಾಟ್ಸ್‌ಆ್ಯಪ್. ಈ ಕ್ರಮ ತಿರುಗಿದರೆ ದಿನವನ್ನು ಯಾರು ಮೊದಲು ಸಂದೇಶ ಕಳಿಸಿದರೋ ಅವರು ನಡೆಸುತ್ತಾರೆ. ಗಡುವುಗಳನ್ನು ನೋಡಿ ಇವತ್ತು ಮುಗಿಸಬಹುದಾದ ನಾಲ್ಕೈದು ಕೆಲಸಗಳಿಗೆ ಮಾತ್ರ ಆಶ್ಚರ್ಯಸೂಚಕ ಹಾಕಿ ಮೇಲಕ್ಕೆ ತರಬೇಕು. ಗಡುವಿದ್ದ ಸಾಲಿಗೆ ಆ ಚಿಹ್ನೆಯನ್ನು ತಾರೀಖಿಗಿಂತ ಮೊದಲು ಹಾಕಿದರೆ, ಕೆಲಸ ಮುಗಿಯದೆ ಚಿಹ್ನೆ ತೆಗೆದಾಗ ಸಾಲು ತನ್ನ ಜಾಗಕ್ಕೆ ಹಿಂದಿರುಗುತ್ತದೆ. ವಾಟ್ಸ್‌ಆ್ಯಪ್ ಮತ್ತು ಇ-ಮೇಲ್ ನೋಡಲು ದಿನಕ್ಕೆ ಮೂರೋ ನಾಲ್ಕೋ ಹೊತ್ತು ಗೊತ್ತುಮಾಡಿಕೊಂಡು, ಆಗ ಕಂಡ ಕೆಲಸಗಳನ್ನೆಲ್ಲ ಪಟ್ಟಿಗೆ ಇಳಿಸಿಬಿಡಬೇಕು. ಸಂದೇಶವನ್ನು ಓದದ ಹಾಗೆ ಗುರುತು ಮಾಡಿಟ್ಟರೆ ನೆನಪಾಗುತ್ತದೆ ಎಂಬ ಭರವಸೆ ಮೊದಲ ವಾರದ ನಂತರ ಉಳಿಯುವುದಿಲ್ಲ. ಹೊರಗೆ ಓಡಾಡುವಾಗ ಹೊಳೆದದ್ದನ್ನು ವಾಟ್ಸ್‌ಆ್ಯಪ್‌ನಲ್ಲಿ ನಮಗೆ ನಾವೇ ಕಳಿಸಿಕೊಂಡು, ಕಂಪ್ಯೂಟರಿನ ಮುಂದೆ ಕುಳಿತಾಗ ಪಟ್ಟಿಗೆ ತಂದು ಅಲ್ಲಿಂದ ಅಳಿಸಬಹುದು.

ಗಂಟೆ ಹಿಡಿದು ನಡೆಯುವ ಕೆಲಸಗಳಿಗೆ, ಅಂದರೆ ಭೇಟಿ, ವಿಚಾರಣೆ, ಸಭೆಗಳಿಗೆ ಪಟ್ಟಿಗಿಂತ ಮೊಬೈಲಿನಲ್ಲೂ ಕಾಣುವ ಕ್ಯಾಲೆಂಡರೇ ಸರಿ. ಪ್ರತಿ ತಿಂಗಳು ಮರಳಿ ಬರುವ ಗಡುವುಗಳನ್ನೂ ಕ್ಯಾಲೆಂಡರಿನಲ್ಲಿ ಒಮ್ಮೆ ಹಾಕಿ, ಮೂರು ದಿನ ಮೊದಲೇ ನೆನಪಿಸುವಂತೆ ಮಾಡಿಟ್ಟರೆ, ನೆನಪಿಸಿದ ದಿನ ಆಯಾ ಗ್ರಾಹಕರ ಸಾಲುಗಳನ್ನು ಪಟ್ಟಿಗೆ ಬರೆದುಕೊಳ್ಳಬಹುದು. ಸರ್ಕಾರ ಗಡುವನ್ನು ಮುಂದೂಡಿದರೆ ಪಟ್ಟಿಯ ತಾರೀಖನ್ನು ತಿದ್ದಿದರೆ ಸಾಕು. ಕ್ಯಾಲೆಂಡರಿನ ಮೂಲ ತಾರೀಖನ್ನು ಮುಟ್ಟಬಾರದು, ಮುಂದಿನ ತಿಂಗಳು ಅದೇ ಬೇಕಾಗುತ್ತದೆ.

ಸಂಜೆ ಹತ್ತು ನಿಮಿಷ ಮೀಸಲಿಟ್ಟು, ಮುಗಿದವನ್ನು ದಿನಚರಿಗೆ ಸಾಗಿಸಿ, ಕೆಳಗೆ ಉಳಿದ ಚಿಹ್ನೆಯಿಲ್ಲದ ಸಾಲುಗಳಿಗೆ ಒಂದೊಂದಾಗಿ ತಾರೀಖೋ ಚಿಹ್ನೆಯೋ ಹಾಕಿ, ಪ್ರಶ್ನಾರ್ಥಕದ ಸಾಲುಗಳಲ್ಲಿ ಹಳೆಯದಾದವರಿಗೆ ಒಂದು ಜ್ಞಾಪನೆ ಕಳಿಸಿ, ಪಟ್ಟಿಯನ್ನು ಮತ್ತೊಮ್ಮೆ ಜೋಡಿಸಿ ಮುಚ್ಚಬೇಕು. ಶನಿವಾರ ಸಮ ಚಿಹ್ನೆಯ ಸಾಲುಗಳನ್ನೂ ನೋಡಬೇಕು. ತಿಂಗಳುಗಟ್ಟಲೆ ಕದಲದೆ ಇರುವುದನ್ನು ಅಳಿಸಿಹಾಕಲು ಸಂಕೋಚ ಬೇಡ.

ಕಳೆದುಹೋಗದಂತೆ

ಇಷ್ಟೆಲ್ಲ ಒಂದೇ ಕಂಪ್ಯೂಟರಿನಲ್ಲಿ ಸೇರಿದ ಮೇಲೆ ಅದರ ಪ್ರತಿ ಇನ್ನೊಂದು ಕಡೆ ಇರಲೇಬೇಕು. ಇಂಟರ್ನೆಟ್ಟಿನಲ್ಲಿ ಫೈಲು ಇಡುವ ಒನ್‌ಡ್ರೈವಿನಲ್ಲಿ 5 ಜಿಬಿ, ಗೂಗಲ್ ಡ್ರೈವಿನಲ್ಲಿ 15 ಜಿಬಿ ಉಚಿತವಾಗಿ ಸಿಗುತ್ತದೆ, ಪಟ್ಟಿ ಮತ್ತು ದಿನಚರಿಗೆ ಅದರಲ್ಲಿ ಚಿಟಿಕೆಯಷ್ಟು ಜಾಗವೂ ಬೇಕಾಗುವುದಿಲ್ಲ. ಆದರೆ ಸಿಂಕ್ ಆಗುವುದೇ ಬ್ಯಾಕಪ್ ಅಲ್ಲ. ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ, ಇಲ್ಲಿ ಕೆಟ್ಟದ್ದು ಅಲ್ಲಿಗೂ ಹೋಗುತ್ತದೆ. ಆದ್ದರಿಂದ ಒಂದು ಹೊರಗಿನ ಹಾರ್ಡ್‌ಡಿಸ್ಕ್ ಕೊಂಡು, ಕಂಟ್ರೋಲ್ ಪ್ಯಾನೆಲಿನಲ್ಲಿರುವ ಫೈಲ್ ಹಿಸ್ಟರಿಯನ್ನು ಅದಕ್ಕೆ ಹೊಂದಿಸಬೇಕು. ಡಿಸ್ಕು ಜೋಡಿಸಿರುವಷ್ಟು ಹೊತ್ತು ಅದು ಗಂಟೆಗೊಮ್ಮೆ ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಬದಲಾದ ಫೈಲುಗಳ ಪ್ರತಿ ತೆಗೆದು, ಹಳೆಯ ಪ್ರತಿಗಳನ್ನೂ ಉಳಿಸಿಕೊಳ್ಳುತ್ತದೆ. ಟ್ಯಾಲಿಯ ದತ್ತಾಂಶ ಸಾಮಾನ್ಯವಾಗಿ ಬೇರೆ ಫೋಲ್ಡರಿನಲ್ಲಿರುವುದರಿಂದ ಅದಕ್ಕೆ ಟ್ಯಾಲಿಯದೇ ಬ್ಯಾಕಪ್ ಆಯ್ಕೆಯನ್ನು ಬಳಸಿ ಪ್ರತಿಯನ್ನು ಇದೇ ಡಿಸ್ಕಿಗೆ ಹಾಕಬೇಕು. ತಿಂಗಳಿಗೊಮ್ಮೆ ಯಾವುದಾದರೂ ಒಂದು ಹಳೆಯ ಫೈಲನ್ನು ಡಿಸ್ಕಿನಿಂದ ಹಿಂದಕ್ಕೆ ತಂದು ತೆರೆದು ನೋಡದಿದ್ದರೆ, ಬ್ಯಾಕಪ್ ಇದೆಯೆಂಬುದು ಬರೀ ನಂಬಿಕೆಯಾಗಿ ಉಳಿಯುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಇನ್ನೂ ಅದರಲ್ಲೇ ಇರುವವರು ಬೇರೆಯವರ ಲೆಕ್ಕಪತ್ರಗಳನ್ನು ಇಟ್ಟುಕೊಂಡಿದ್ದೇವೆ ಎಂಬುದನ್ನು ನೆನೆದು ಮುಂದಿನ ಆವೃತ್ತಿಗೆ ಹೋಗುವ ಏರ್ಪಾಡು ಮಾಡಿಕೊಳ್ಳಬೇಕು.

ಇದನ್ನೆಲ್ಲ ಆರಂಭಿಸಲು ತಿಂಗಳ 21ನೇ ತಾರೀಖಿನ ನಂತರದ ದಿನಗಳು ತಕ್ಕವು, ಏಕೆಂದರೆ 7ರಿಂದ 20ರವರೆಗಿನ ಗಡಿಬಿಡಿಯಲ್ಲಿ ಹೊಸ ಕ್ರಮವನ್ನು ತಂದರೆ ಎರಡೂ ಕೆಡುತ್ತವೆ. ಮೊದಲ ದಿನ ಪಟ್ಟಿಯ ಫೈಲು ಮಾಡಿ, ವಾಟ್ಸ್‌ಆ್ಯಪ್, ಇ-ಮೇಲ್, ಗೋಡೆಯ ಕ್ಯಾಲೆಂಡರು, ಮೇಜಿನ ಮೇಲಿನ ಚೀಟಿಗಳಿಂದ ಬಾಕಿ ಕೆಲಸಗಳನ್ನೆಲ್ಲ ಅದಕ್ಕೆ ಇಳಿಸಿ, ಸ್ಟಾರ್ಟಪ್ ಫೋಲ್ಡರಿಗೆ ಶಾರ್ಟ್‌ಕಟ್ ಹಾಕಿ, ಹಾರ್ಡ್‌ಡಿಸ್ಕಿಗೆ ಬ್ಯಾಕಪ್ ಹೊಂದಿಸಿದರೆ ಸಾಕು. ಫೋಲ್ಡರುಗಳನ್ನು ಹೊಸ ಕ್ರಮಕ್ಕೆ ತರುವುದನ್ನು ಆಯಾ ಗ್ರಾಹಕರ ಕೆಲಸ ಕೈಗೆ ಬಂದಾಗ ಅವರವರದನ್ನಷ್ಟೇ ಮಾಡುತ್ತಾ ಹೋಗಬಹುದು. ಹಳೆಯ ಫಾಂಟಿನಲ್ಲಿರುವ ಕನ್ನಡ ಪತ್ರಗಳನ್ನು ಯೂನಿಕೋಡಿಗೆ ತಿರುಗಿಸುವ ಕೆಲಸವನ್ನು, ಅವುಗಳಲ್ಲಿ ಯಾವುದಾದರೂ ಮತ್ತೆ ಬೇಕಾಗುವವರೆಗೆ, ಹಾಗೆಯೇ ಬಿಡಬಹುದು.